ಮೂರನೆಯ ಲಾರ್ಡ್ ಮಿಲ್‌ಬೆಕ್

ನಮ್ಮ ಮನೆಗೆ ಲಾರ್ಡ್ ಪದವಿ ಬಂದದ್ದು ಮಾಂಸದ ಡಬ್ಬಿಯಿಂದ. ನಮ್ಮ ತಾತ ಜೋಸಯ ಗಾರ್ಸೈಡ್ ಕಸಾಯಿ ಅಂಗಡಿಯವನ ಮಗ. ಮಿಲ್‌ಬೆಕ್ ಊರಿನ ಕಾಲುವೆ ಪಕ್ಕದಲ್ಲಿ ಕಾರ್ಖಾನೆ ಹಾಕಿ, ದನದ ಮಾಂಸ ಅರೆದು ಡಬ್ಬಿಗೆ ತುಂಬಿ, ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಮಾರಿದ. ಅದನ್ನು ತಿಂದು ಬದುಕಿ ಬಂದವರು ಅದರ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಯುದ್ಧ ಮುಗಿದ ಮೇಲೆ ತಾತ ಆಡಳಿತ ಪಕ್ಷಕ್ಕೆ ಧಾರಾಳವಾಗಿ ದೇಣಿಗೆ ಕೊಟ್ಟ. ಮರುವರ್ಷ ಅರಸರ ಸನ್ಮಾನದ ಪಟ್ಟಿಯಲ್ಲಿ ಅವನ ಹೆಸರಿತ್ತು. ಬೆಳಗಾಗುವುದರೊಳಗೆ ಜೋಸಯ ಗಾರ್ಸೈಡ್ ಹೋಗಿ ಲಾರ್ಡ್ ಮಿಲ್‌ಬೆಕ್ ಆದ. ಊರಿನವರು ಎದುರಿಗೆ ಟೋಪಿ ತೆಗೆಯುತ್ತಿದ್ದರು, ಬೆನ್ನ ಹಿಂದೆ ‘ಡಬ್ಬಿ ಲಾರ್ಡ್’ ಎನ್ನುತ್ತಿದ್ದರು. ಅವನ ಕಾರು ಹೋಗುವಾಗ ಮಕ್ಕಳು ಖಾಲಿ ಡಬ್ಬಿಗೆ ಚಮಚ ಬಡಿಯುತ್ತಿದ್ದರಂತೆ.

ಅಂದಿನಿಂದ ನಮ್ಮ ಮನೆಯ ಊಟದ ಮೇಜಿಗೆ ಡಬ್ಬಿ ಮಾಂಸ ಬರಕೂಡದು ಎಂದಾಯಿತು. ಅನ್ನ ಹಾಕಿದ್ದೇ ಅದು, ಅದರ ಮೇಲೇ ಅಸಹ್ಯ. ಇಂಥ ಜನ ನಾವು.

ತಾತನ ನಂತರ ನಮ್ಮಪ್ಪ ಎರಡನೆಯ ಲಾರ್ಡ್. ಅಪ್ಪನ ಕಾಲದಲ್ಲಿ ಕಾರ್ಖಾನೆ ಮಾರಿಹೋಯಿತು, ಬಂಗಲೆ ಮಾರಿಹೋಯಿತು. ಬಂಗಲೆಯ ಗೇಟಿನ ಪಕ್ಕದಲ್ಲಿ ಕಾವಲುಗಾರನಿಗೆಂದು ಕಟ್ಟಿಸಿದ್ದ ನಾಲ್ಕು ಕೋಣೆಯ ಮನೆಯನ್ನು ಮಾತ್ರ ಉಳಿಸಿಕೊಂಡು ಅಲ್ಲೇ ಇದ್ದೆವು. ಅಪ್ಪ, ಅಮ್ಮ, ನಾನು. ನಾನು ಎನಿಡ್. ಆಗ ನನಗೆ ನಲವತ್ತಮೂರು, ಮದುವೆಯಾಗಿರಲಿಲ್ಲ, ಊರಿನ ಗ್ರಂಥಾಲಯದಲ್ಲಿ ಕೆಲಸ. ನನಗಿಂತ ಎರಡು ವರ್ಷ ದೊಡ್ಡವನು ಅಣ್ಣ ಕ್ಲಿಫರ್ಡ್. ಅವನು ಹೆಂಡತಿ ಡಾಫ್ನಿಯ ಜೊತೆ ಸ್ಟೇಷನ್ ರಸ್ತೆಯಲ್ಲಿದ್ದ. ಮಗಳು ಜೂಡಿತ್ ಲಂಡನ್ನಿನಲ್ಲಿ ಓದುತ್ತಿದ್ದಳು. ಕ್ಲಿಫ್ ನೋಡಿಕೊಳ್ಳುತ್ತಿದ್ದ ಕಾರ್ಪೆಟ್ ಅಂಗಡಿ ಹಿಂದಿನ ನವೆಂಬರಿನಲ್ಲಿ ಬಾಗಿಲು ಹಾಕಿತ್ತು. ಮುಂದೆ ಅವನಿಗೆ ಇದ್ದ ಒಂದೇ ಗತಿ ಅಪ್ಪನ ಪದವಿ. ಅದು ಬಂದರೆ ಲಾರ್ಡುಗಳ ಸಭೆಯಲ್ಲಿ ಕುರ್ಚಿ, ಹೋದ ದಿನಕ್ಕೆಲ್ಲ ಭತ್ಯೆ, ಜನರ ಬಾಯಲ್ಲಿ ಮರ್ಯಾದೆ. ಹೆಣ್ಣುಮಕ್ಕಳಿಗೆ ಆ ಪದವಿ ಬರುವುದಿಲ್ಲ. ಅದನ್ನು ನನಗೆ ಯಾರೂ ಕೂರಿಸಿ ಹೇಳಲಿಲ್ಲ, ಊಟದ ಮೇಜಿನಲ್ಲಿ ಮೊದಲ ತುಂಡು ಅವನ ತಟ್ಟೆಗೆ ಬೀಳುತ್ತಿದ್ದುದರಿಂದಲೇ ತಿಳಿದುಕೊಂಡಿದ್ದೆ.

ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ ಅಪ್ಪ ಹೋದರು. ಮಣ್ಣು ಮಾಡಿ ಬಂದವರಿಗೆಲ್ಲ ಹಂದಿಮಾಂಸದ ಹ್ಯಾಮ್, ಬ್ರೆಡ್ಡು, ಚಹಾ ಕೊಟ್ಟೆವು. ಮಾಂಸದಂಗಡಿಯ ಬರ್ಟ್ ತಟ್ಟೆ ಹಿಡಿದುಕೊಂಡು ಕ್ಲಿಫ್‌ನ ಹತ್ತಿರ ಬಂದು ಸ್ವಲ್ಪ ಬಗ್ಗಿದ.

“ಇನ್ನೊಂದು ತುಂಡು ತಗೊಳ್ಳಿ, ಮೈ ಲಾರ್ಡ್.”

ಕ್ಲಿಫ್‌ನ ಮುಖ ಕಿವಿಯ ತನಕ ಕೆಂಪಾಯಿತು. ಡಾಫ್ನಿ ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ನನಗೆ ನಗು ಬಂತು. ಅಮ್ಮನ ಮುಖ ನೋಡಿದೆ, ಅವಳು ನಗುತ್ತಿರಲಿಲ್ಲ. ಕೈಯಲ್ಲಿದ್ದ ಚಾಕುವಿನಿಂದ ಹ್ಯಾಮನ್ನು ಬೇಕಾದ್ದಕ್ಕಿಂತ ತೆಳ್ಳಗೆ ಕೊಯ್ಯುತ್ತಿದ್ದಳು.

ಮಾರ್ಚಿನಲ್ಲಿ ಲಂಡನ್ನಿನ ಕಚೇರಿಯಿಂದ ಅರ್ಜಿ ಬಂತು. ಪದವಿ ಯಾರಿಗೂ ತನ್ನಷ್ಟಕ್ಕೆ ಕೈಗೆ ಬರುವುದಿಲ್ಲ, ಮೂರು ಕಾಗದ ಇಡಬೇಕು: ತಂದೆಯ ಮರಣಪತ್ರ, ಮಗನ ಪೂರ್ಣ ಜನನಪತ್ರ, ತಂದೆತಾಯಿಯ ಮದುವೆಯ ಪತ್ರ. ಕ್ಲಿಫ್‌ನ ಹತ್ತಿರ ಹೆಸರು, ತಾರೀಖು ಮಾತ್ರ ಇರುವ ಅಂಗೈಯಗಲದ ಜನನಪತ್ರವಿತ್ತು. ಅದಕ್ಕೇ ಅವನು ಭಾನುವಾರ ಮಧ್ಯಾಹ್ನ ಡಾಫ್ನಿಯನ್ನು ಕರೆದುಕೊಂಡು ಬಂದ. ಅಮ್ಮ ಕುರಿಮಾಂಸದ ಮೇಲೆ ಆಲೂಗಡ್ಡೆ ಹರಡಿ ಬೇಯಿಸುವ ಹಾಟ್‌ಪಾಟ್ ಮಾಡಿದ್ದಳು, ಜೊತೆಗೆ ಕೆಂಪು ಎಲೆಕೋಸಿನ ಉಪ್ಪಿನಕಾಯಿ.

“ಅಮ್ಮ, ನಿಮ್ಮಿಬ್ರ ಮದುವೆ ಸರ್ಟಿಫಿಕೇಟ್ ಎಲ್ಲಿದೆ?”

“ಎಲ್ಲೋ ಇತ್ತಪ್ಪ. ಬಂಗಲೆ ಖಾಲಿ ಮಾಡುವಾಗ ಹೋಯ್ತೇನೋ.”

“ಹೋದ್ರೆ ಹೋಗ್ಲಿ, ನಕಲು ತರಿಸ್ತೀನಿ. ಯಾವ ಊರು?”

“ಸೌತ್‌ಪೋರ್ಟು.”

“ಯಾವ ಚರ್ಚು?”

“ನಲವತ್ತೈದು ವರ್ಷ ಆಯ್ತಲ್ಲೋ. ಆಲೂಗಡ್ಡೆ ಇನ್ನೊಂದೆರಡು ಹಾಕ್ಲಾ?”

“ಮದುವೆಯಾದ ಚರ್ಚನ್ನ ಯಾರಾದ್ರೂ ಮರೀತಾರಾ?” ಎಂದಳು ಡಾಫ್ನಿ. ಅವಳ ಅಪ್ಪ ಬ್ಯಾಂಕಿನ ಮ್ಯಾನೇಜರ್ ಆಗಿದ್ದವನು, ಮಾತು ಯಾವಾಗಲೂ ಇಸ್ತ್ರಿ ಮಾಡಿದ ಹಾಗೆ. “ನಾನು ನನ್ನ ಮದುವೆ ದಿನ ಹಾಡಿದ ಹಾಡೆಲ್ಲ ಈಗಲೂ ಹೇಳಬಲ್ಲೆ.”

“ನೀನು ಜಾಣೆ ಕಣಮ್ಮ” ಎಂದು ಅಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನಮ್ಮ ಮನೆಯಲ್ಲಿ ಲಾರ್ಡುಗಳ ಮನೆತನಗಳನ್ನೆಲ್ಲ ಪಟ್ಟಿಮಾಡಿದ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದಿತ್ತು. ಅದರಲ್ಲಿ ಅಪ್ಪನ ಹೆಸರಿನ ಕೆಳಗೆ ‘ಮದುವೆ ೧೯೩೩, ಎಲೆನರ್ ಹಿಗ್ಸನ್’ ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ನಂಬುವುದು ನನ್ನ ವೃತ್ತಿಯೇ. ಕ್ಲಿಫ್ ಸೌತ್‌ಪೋರ್ಟಿಗೆ ಬರೆದ. ಮೂವತ್ತಮೂರರಲ್ಲಿ ಅಂಥ ಮದುವೆ ನಡೆದಿಲ್ಲ ಎಂದು ಉತ್ತರ ಬಂತು. ಇನ್ನೊಂದು ಭಾನುವಾರ, ಇನ್ನೊಂದು ಜಗಳ. ಅಮ್ಮ ಈ ಸಲ ಬ್ಲ್ಯಾಕ್‌ಪೂಲ್ ಎಂದಳು. ಅಲ್ಲೂ ಇಲ್ಲ.

“ನನಗೆ ಗೊತ್ತಾಗೋಯ್ತು” ಎಂದಳು ಡಾಫ್ನಿ, ಕೈಚೀಲ ಮಡಿಲಲ್ಲಿ ಒತ್ತಿ ಹಿಡಿದು. “ಕ್ಲಿಫ್ ಲಾರ್ಡ್ ಆದ್ರೆ ನಾನು ಲೇಡಿ ಮಿಲ್‌ಬೆಕ್. ಆಮೇಲೆ ಇವರನ್ನ ದೊಡ್ಡ ಲೇಡಿ, ಹಳೇ ಲೇಡಿ ಅಂತಾರೆ. ಅದು ಸಹಿಸೋಕಾಗ್ತಿಲ್ಲ ಇವರಿಗೆ. ಕಾಗದ ಮನೇಲೇ ಇದೆ, ಬಚ್ಚಿಟ್ಟಿದಾರೆ.”

ಅಮ್ಮ ಇಲ್ಲ ಎನ್ನಲಿಲ್ಲ. “ಹಂಗೇ ಅಂದ್ಕೋ” ಎಂದಳು. ನನಗೆ ಆಶ್ಚರ್ಯವಾಯಿತು. ಅಮ್ಮ ಲೇಡಿ ಎಂಬ ಹೆಸರಿಗೆ ಆಸೆಪಟ್ಟವಳೇ ಅಲ್ಲ. ಪುಸ್ತಕದಲ್ಲಿ ಎಲೆನರ್ ಆದರೂ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ ನೆಲ್ಲಿ ಹಿಗ್ಸನ್ ಅವಳು, ಕೊನೆಯ ತನಕ ಮನೆಯ ಮೆಟ್ಟಿಲನ್ನು ತಾನೇ ಉಜ್ಜುತ್ತಿದ್ದವಳು.

ಕ್ಲಿಫ್ ಮಗಳಿಗೆ ಹೇಳಿಕಳಿಸಿದ. ದೇಶದ ಎಲ್ಲ ಮದುವೆಗಳ ದಾಖಲೆಯ ದಪ್ಪ ದಪ್ಪ ಪುಸ್ತಕಗಳು ಲಂಡನ್ನಿನಲ್ಲಿವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಹತ್ತು ದಿನ ಬಿಟ್ಟು ಜೂಡಿತ್ ನಾಣ್ಯ ಹಾಕುವ ಫೋನಿನಿಂದ ನಮ್ಮ ಮನೆಗೆ ಕರೆ ಮಾಡಿದಳು, ಅವಳಪ್ಪನಿಗಲ್ಲ.

“ಎನಿಡ್ ಅತ್ತೆ, ಅಪ್ಪ ಪಕ್ಕದಲ್ಲಿಲ್ಲ ತಾನೇ?”

“ಅವನು ಇಲ್ಯಾಕಿರ್ತಾನೆ? ಹೇಳು.”

“ಕೂತ್ಕೋ ಮೊದ್ಲು.”

“ಫೋನಿನ ತಂತಿ ಕುರ್ಚಿತನಕ ಬರಲ್ಲ ಕಣೆ. ನಿನ್ನ ನಾಣ್ಯ ಮುಗಿಯೋದ್ರೊಳಗೆ ಹೇಳು.”

“ಸಿಕ್ತು. ಲಿವರ್‌ಪೂಲ್, ರಿಜಿಸ್ಟ್ರಾರ್ ಆಫೀಸು. ಮೇ ಹನ್ನೆರಡು.”

“ಮೂವತ್ತಮೂರಾ?”

“ಮೂವತ್ತನಾಲ್ಕು, ಅತ್ತೆ. ಅಪ್ಪ ಹುಟ್ಟಿದ್ದು ಅದೇ ವರ್ಷದ ಮಾರ್ಚ್ ಮೂರು.” ಆ ಕಡೆಯಿಂದ ಕಿಸಕ್ಕನೆ ನಗು ಕೇಳಿಸಿತು. “ಅಜ್ಜಿ ಭಲೇ ಗಟ್ಟಿಗಿತ್ತಿ! ಈಗ ಯಾರೂ ಇದಕ್ಕೆಲ್ಲ ತಲೆ ಕೆಡಿಸ್ಕೊಳಲ್ಲ, ಅಲ್ವಾ?”

ಮರುದಿನ ಗ್ರಂಥಾಲಯದಲ್ಲಿ ಬಾಗಿಲು ತೆರೆಯುವ ಮುಂಚೆ ಕಾನೂನಿನ ಕಪಾಟಿನಿಂದ ಪುಸ್ತಕ ಇಳಿಸಿ ನೋಡಿದೆ. ಮಗು ಹುಟ್ಟಿದ ಮೇಲೆ ತಂದೆತಾಯಿ ಮದುವೆಯಾದರೆ ಮಗು ಸಕ್ರಮ, ಆಸ್ತಿಗೆ ಬಾಧ್ಯಸ್ಥ, ಎಲ್ಲ ಸರಿ. ಪದವಿಗೆ ಮಾತ್ರ ಅಲ್ಲ. ಮದುವೆಗೆ ಮುಂಚೆ ಹುಟ್ಟಿದ ಗಂಡಿಗೆ ಪದವಿಯಿಲ್ಲ. ಅಪ್ಪನಿಗೆ ಬೇರೆ ಗಂಡುಮಕ್ಕಳಿಲ್ಲ, ದಾಯಾದಿಗಳಿಲ್ಲ. ಅಂದರೆ ಪದವಿ ಅಪ್ಪನ ಜೊತೆಗೇ ಮಣ್ಣಾಗಿತ್ತು. ಆ ಪುಟವನ್ನು ಮೂರು ಸಲ ಓದಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಖುಷಿಯಾಯಿತು. ನಲವತ್ತಮೂರು ವರ್ಷ ಎರಡನೆಯ ತುಂಡು ತಿಂದವಳ ಖುಷಿ ಅದು.

ಸಂಜೆ ಅಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಳು. ನಾನು ಕೋಟು ಬಿಚ್ಚದೆ ನಿಂತದ್ದು ನೋಡಿಯೇ ಅವಳಿಗೆ ತಿಳಿಯಿತು.

“ಹುಡುಕಿಬಿಟ್ಲಾ ಆ ಹುಡುಗಿ?”

“ಹೂಂ. ಲಿವರ್‌ಪೂಲು.”

ಅಮ್ಮ ಹೆರೆಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮಪ್ಪ ಕೆಟ್ಟವನಲ್ಲ ಕಣೆ. ಹೆದರುಪುಕ್ಲ, ಅಷ್ಟೇ. ನಿಮ್ತಾತ ಅಂದಿದ್ಕೆಲ್ಲ ಹೂಂ ಅನ್ನೋನು. ಚೀಟಿ ಅಂಟ್ಸೋ ಹುಡುಗಿ ಲಾರ್ಡ್ ಮನೆ ಸೊಸೆ ಆಗೋದು ಉಂಟಾ ಅಂದ್ರಂತೆ ಅವ್ರು. ನಮ್ಮವ್ವನ ಮನೇಲೇ ಹೆತ್ತೆ. ಬೀದಿಗೆ ಬೀದಿಯೇ ಪರದೆ ಸರಿಸಿ ನೋಡೋದು. ಆಮೇಲೆ ಈಸ್ಟರ್ ದಿನ ನಿಮ್ಮ ದೊಡ್ಡಪ್ಪ ಪರ್ಸಿ ಕಾರು ಗುದ್ದಿ ಸತ್ತ. ಅವನೇ ಅಲ್ವಾ ದೊಡ್ಮಗ. ಮಕ್ಕಳಿರ್ಲಿಲ್ಲ.”

“ಆಮೇಲೆ?”

“ಅವನನ್ನ ಮಣ್ಣು ಮಾಡಿ ನಾಲ್ಕು ದಿನ ಆಗಿತ್ತು. ನಿಮ್ತಾತ ತಾವೇ ನಮ್ಮ ಬೀದಿಗೆ ಕಾರಲ್ಲಿ ಬಂದ್ರು. ಒಳಗೆ ಬಂದು ಟೋಪಿ ಕೂಡ ತೆಗೀಲಿಲ್ಲ. ತೊಟ್ಟಿಲ ಹತ್ರ ಬಗ್ಗಿ, ಮಗು ಬಟ್ಟೆ ಎತ್ತಿ ನೋಡಿದ್ರು. ಗಂಡೇ ಅಂತ ಗಟ್ಟಿ ಮಾಡ್ಕೊಂಡ್ರು. ‘ಇದನ್ನ ಇಟ್ಕೋಬಹುದು’ ಅಂದ್ರು. ನನ್ನ ಮುಖ ನೋಡ್ಲಿಲ್ಲ. ಮುಂದಿನ ತಿಂಗಳು ಲಿವರ್‌ಪೂಲಲ್ಲಿ ಮದುವೆ. ಮದುವೆ ಒಂದಾಗ್ಬಿಟ್ರೆ ಎಲ್ಲ ಸರಿಹೋಯ್ತು ಅಂದ್ಕೊಂಡಿದ್ರು ಪಾಪ. ಹೊಸಾ ಲಾರ್ಡ್ ಅಲ್ವಾ, ಲಾರ್ಡುಗಳ ಕಾನೂನು ಅವ್ರಿಗೇನು ಗೊತ್ತು? ಕೇಳೋಕೂ ಅವಮಾನ. ಹತ್ತು ವಾರ ಮುಂಚೆ ಹೂಂ ಅಂದಿದ್ರೆ ಸಾಕಾಗಿತ್ತು.”

“ಅಪ್ಪನಿಗೆ ಗೊತ್ತಿತ್ತಾ?”

“ತಾತ ಹೋದ್ಮೇಲೆ ಲಂಡನ್‌ಗೆ ಹೋಗಿದ್ರಲ್ಲ, ಅಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದ್ರಂತೆ. ಬಂದು ಮೂರು ದಿನ ಊಟ ಮುಟ್ಲಿಲ್ಲ. ಆಮೇಲೆ ಆ ಕೆಂಪು ಪುಸ್ತಕದವ್ರಿಗೆ ಮದುವೇನ ಒಂದು ವರ್ಷ ಹಿಂದಕ್ಕೆ ಹಾಕಿ ಬರೆದು ಕಳ್ಸಿದ್ರು. ಮಗನಿಗೆ ಹೇಳಿ ಅಂದೆ. ನಾಳೆ ನಾಳೆ ಅಂತ ಇಪ್ಪತ್ತೆಂಟು ವರ್ಷ ತಳ್ಳಿದ್ರು.” ಅವಳು ಮೊದಲ ಸಲ ತಲೆಯೆತ್ತಿದಳು. “ಕ್ಲಿಫ್‌ಗೆ ಹೇಳ್ಬೇಡ್ವೇ. ಸರ್ಟಿಫಿಕೇಟ್ ಸಿಗ್ಲಿಲ್ಲ ಅಂತ್ಲೇ ಸುಸ್ತಾಗಿ ಬಿಡ್ಲಿ. ನನ್ನ ಕೆಟ್ಟೋಳು ಅಂದ್ಕೊಂಡ್ರೂ ಸರಿ. ಅವನು ತನ್ನನ್ನ ತಾನು ಹಂಗೆ ಅಂದ್ಕೋಬಾರ್ದು.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ಅವಳ ಒದ್ದೆ ಕೈ ಹಿಡಿದುಕೊಂಡಿದ್ದೆ.

ಈಸ್ಟರ್ ಊಟಕ್ಕೆ ಎಲ್ಲರೂ ಬಂದರು. ಜೂಡಿತ್ ಕೂಡ ಬಂದಿದ್ದಳು. ತನ್ನಪ್ಪನ ಮುಂದೆ ಅವಳು ಏನೂ ಸಿಗಲಿಲ್ಲ ಎಂದೇ ಹೇಳಿದ್ದಳು, ನಾನು ಹಾಗೆ ಹೇಳಿಕೊಟ್ಟಿದ್ದೆ. ಕುರಿಮಾಂಸ, ಪುದೀನ ಸಾಸು, ಬಟಾಣಿ. ಕ್ಲಿಫ್ ಹೊಸ ಕಾಗದ ಅಚ್ಚು ಹಾಕಿಸಿಕೊಂಡು ಬಂದಿದ್ದ, ತಲೆಯ ಮೇಲೆ ‘ಲಾರ್ಡ್ ಮಿಲ್‌ಬೆಕ್’ ಎಂದು ನೀಲಿ ಅಕ್ಷರ. ಜೂನ್‌ನಲ್ಲಿ ಊರಿನ ಬ್ಯಾಂಡು ಸ್ಪರ್ಧೆಗೆ ಅವನೇ ಬಹುಮಾನ ಕೊಡಬೇಕೆಂದು ಕರೆದಿದ್ದರು, ಒಪ್ಪಿಗೆಯನ್ನು ಅದರಲ್ಲೇ ಬರೆದಿದ್ದ. ಡಾಫ್ನಿ ಬಟಾಣಿ ಬಡಿಸಿಕೊಳ್ಳುತ್ತಲೇ ಮತ್ತೆ ಶುರು ಮಾಡಿದಳು. ಅತ್ತೆಗೆ ಹೊಟ್ಟೆಕಿಚ್ಚು, ಮಗನ ಹೊಟ್ಟೆಗೆ ಮಣ್ಣು ಹಾಕುತ್ತಿದ್ದಾರೆ, ಇತ್ಯಾದಿ.

“ಸಾಕು ನಿಲ್ಸು ಡಾಫ್ನಿ” ಎಂದೆ ನಾನು.

ಕ್ಲಿಫ್ ಫೋರ್ಕು ಕೆಳಗಿಟ್ಟ. “ನೀನು ಅಮ್ಮನ ಕಡೆಯೇ ಮಾತಾಡ್ತೀಯ ಬಿಡು. ಬಿಟ್ಟಿ ಮನೆ, ಬಿಟ್ಟಿ ಊಟ.”

“ಗ್ರಂಥಾಲಯದ ಸಂಬಳದಲ್ಲಿ ಈ ಮನೆ ನಡೀತಿರೋದು ಕ್ಲಿಫ್. ನೀನು ತಿಂತಿರೋ ಕುರೀನೂ ಅದರದ್ದೇ.”

“ತಗೋ, ಲೆಕ್ಕ ಬೇರೆ! ಅಪ್ಪನ ಹೆಸರು ಮುಂದಕ್ಕೆ ತಗೊಂಡ್ಹೋಗೋನು ನಾನು. ನಿನ್ನಿಂದ ಈ ಮನೆತನಕ್ಕೆ ಏನಾಗತ್ತೆ ಹೇಳು? ಹೆಣ್ಣು, ಮದುವೇನೂ ಇಲ್ಲ, ಮಕ್ಳೂ ಇಲ್ಲ.”

ಆಗ ನಾನು ಹೇಳಿದೆ. ಕಿರುಚಲಿಲ್ಲ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದೆ.

“ನಾನಾದ್ರೂ ಅಪ್ಪ ಅಮ್ಮನ ಮದುವೆ ಆದ್ಮೇಲೆ ಹುಟ್ಟಿದೋಳು.”

ಜೂಡಿತ್ “ಅತ್ತೇ” ಎಂದು ಕೂಗಿದಳು. ಡಾಫ್ನಿಯ ಬಾಯಿ ತೆರೆದೇ ಇತ್ತು. ನಾನು ಕ್ಲಿಫ್‌ನನ್ನು ನೋಡಬೇಕೆಂದು ಹೇಳಿದ ಮಾತು ಅದು, ಅವನ ಮುಖ ಇಳಿಯುವುದನ್ನು ನೋಡಬೇಕೆಂದು. ಆದರೆ ಕಣ್ಣು ಹೋದದ್ದು ಅಮ್ಮನ ಮೇಲೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ. ಬೀದಿಯವರು ಪರದೆ ಸರಿಸಿ ನೋಡಿದಾಗ ಅವಳು ಹೇಗೆ ತಲೆ ತಗ್ಗಿಸಿದ್ದಳೋ ಹಾಗೆ ಈಗ ನನ್ನೆದುರು ತಗ್ಗಿಸಿದಳು.

“ನಿಜಾನಾ ಅಮ್ಮ?” ಕ್ಲಿಫ್ ಕೇಳಿದ.

“ಹತ್ತು ವಾರ” ಎಂದಳು ಅಮ್ಮ. “ಹತ್ತೇ ವಾರ ಕಣೋ.”

“ಅಯ್ಯೋ, ಅದಕ್ಕೇನೀಗ?” ಎಂದಳು ಜೂಡಿತ್. “ನಮ್ಮ ಕಾಲೇಜಲ್ಲಿ ಅರ್ಧ ಜನರ ಕಥೆ ಇದೇ. ನಗಾಡಿ ಬಿಡ್ತಾರೆ.”

“ನೀನು ನಗಾಡು ತಾಯಿ” ಎಂದು ಅಮ್ಮ ಎದ್ದಳು. “ನಮಗೆ ನಗು ಬರ್ತಿರ್ಲಿಲ್ಲ.” ಒಂದೊಂದೇ ತಟ್ಟೆ ಎತ್ತಿ ಜೋಡಿಸಿದಳು. ಯಾರದೂ ಊಟ ಮುಗಿದಿರಲಿಲ್ಲ.

ಆಮೇಲೆ ಕ್ಲಿಫ್ ನಮ್ಮ ಮನೆ ಕಡೆ ಬರುವುದನ್ನೇ ಬಿಟ್ಟ. ಅಮ್ಮ ನನ್ನ ಜೊತೆ ಮಾತು ಬಿಡಲಿಲ್ಲ, ಅದೇ ಕಷ್ಟವಾಗಿತ್ತು. ಚಹಾ ಬೇಕಾ, ಛತ್ರಿ ತಗೋ, ಮೀನು ಬೇಯಿಸಲಾ ಎಂದು ಎಲ್ಲ ಕೇಳುತ್ತಿದ್ದಳು. ಆದರೆ ಊಟ ಮಾತ್ರ ಮೇಜಿಗೆ ಕೂತು ಮಾಡುವುದನ್ನು ಬಿಟ್ಟಳು. ನನಗೆ ಬಡಿಸಿ, ತಾನು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದಳು. ಕ್ಷಮೆ ಕೇಳಬೇಕು ಎಂದು ದಿನಾ ಬಾಯಿಯ ತನಕ ಬರುತ್ತಿತ್ತು. ದಿನಾ ನಾನು ಉಪ್ಪು ಕೊಡು ಎಂದು ಕೇಳುತ್ತಿದ್ದೆ.

ಮೂರನೆಯ ವಾರ ಡಾಫ್ನಿ ಒಬ್ಬಳೇ ಬಂದಳು. ಅವಳ ಕೈಯಲ್ಲಿ ಗ್ರಂಥಾಲಯದ ಪುಸ್ತಕವಿತ್ತು, ನಾನೇ ಮುದ್ರೆ ಒತ್ತಿ ಕೊಟ್ಟ ಪುಸ್ತಕ. ಯಾಕೆಂದು ಆಗ ಕೇಳಿರಲಿಲ್ಲ.

“ಅಮ್ಮಾ, ಒಂದು ದಾರಿ ಇದೆ” ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. “ಸ್ಕಾಟ್ಲೆಂಡಲ್ಲಿ ಆಗ ಪಾದ್ರಿ ಬೇಕಿರಲಿಲ್ಲ, ರಿಜಿಸ್ಟರ್ ಬೇಕಿರಲಿಲ್ಲ. ಗಡಿ ದಾಟಿ ಗ್ರೆಟ್ನಾಕ್ಕೆ ಹೋಗಿ, ಇಬ್ಬರು ಸಾಕ್ಷಿ ಮುಂದೆ ನಾವು ಗಂಡ ಹೆಂಡತಿ ಅಂದ್ರೆ ಮದುವೆ ಆದ ಹಾಗೇ. ಮೂವತ್ತಮೂರರಲ್ಲಿ ನೀವಿಬ್ಬರೂ ಅಲ್ಲಿಗೆ ಹೋಗಿದ್ರಿ, ಚೀಟಿ ಕಳೆದುಹೋಯ್ತು, ಸಾಕ್ಷಿಗಳು ಸತ್ತರು. ವಕೀಲರ ಮುಂದೆ ಪ್ರಮಾಣ ಮಾಡಿ ಅಷ್ಟು ಹೇಳಿದ್ರೆ ಸಾಕು.”

“ಸುಳ್ಳು ಪ್ರಮಾಣ ಅದು” ಎಂದೆ ನಾನು.

“ನಿಮ್ಮನ್ನ ಕೇಳಲಿಲ್ಲ ಎನಿಡ್. ನೀವು ಸತ್ಯ ಹೇಳಿ ಆಗಿದ್ದು ನೋಡಿದ್ವಲ್ಲ.”

ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಬಂದರೆ ವಾಪಸು ನಡೆದುಕೊಂಡು ಹೋಗಿ ಕೊಡುವವಳು.

“ಹಂಗೆ ಹೇಳಿದ್ರೆ” ಎಂದಳು, “ಅವನು ಮದುವೆ ಆದ್ಮೇಲೆ ಹುಟ್ಟಿದೋನು ಅಂತ ಆಗ್ತದಾ?”

“ಆಗತ್ತೆ.”

“ಯಾರೂ ಮುಖಕ್ಕೆ ಹಂಗೆ ಅನ್ನಕ್ಕಾಗಲ್ವಾ?”

“ಯಾರೂ ಅನ್ನೋಕಾಗಲ್ಲ.”

“ಹೇಳ್ಕೊಡು ಮತ್ತೆ.”

ಅವಳು ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಮೇ ತಿಂಗಳೆಲ್ಲ ನಮ್ಮ ಅಡುಗೆಮನೆಯಲ್ಲಿ ಆ ಪಾಠ ನಡೆಯಿತು. ಮಂಗಳವಾರ, ಶುಕ್ರವಾರ ಡಾಫ್ನಿ ಬಂದು ಮೇಜಿನ ಆಚೆ ಕೂರುವಳು. ಅಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಲೋ ಹಿಟ್ಟು ನಾದುತ್ತಲೋ ಉತ್ತರ ಕೊಡುವಳು.

“ಯಾವ ತಿಂಗಳು?”

“ಜೂನು.”

“ಹವಾಮಾನ?”

“ಮಳೆ.”

“ಬಿಸಿಲು ಅಂತ ಹೇಳಿದ್ನಲ್ಲಮ್ಮಾ.”

“ಹೂಂ, ಬಿಸಿಲು. ಎಳೆ ಬಿಸಿಲು.”

“ಇಬ್ಬರಲ್ಲಿ ಒಬ್ಬರಾದ್ರೂ ಮೊದಲು ಇಪ್ಪತ್ತೊಂದು ದಿನ ಅಲ್ಲಿ ವಾಸ ಇರಬೇಕಿತ್ತು. ನೀವು ಎಲ್ಲಿದ್ರಿ?”

“ಡಮ್‌ಫ್ರೀಸಲ್ಲಿ ಚಿಕ್ಕಮ್ಮನ ಮನೇಲಿ. ಅಲ್ಲಮ್ಮ, ಕಾರ್ಖಾನೆ ರಜಾ ವರ್ಷಕ್ಕೆ ಒಂದೇ ವಾರ. ಇಪ್ಪತ್ತೊಂದು ದಿನ ಯಾರು ಬಿಡ್ತಾರೆ? ಸಂಬಳ ಹಿಡೀತಿದ್ರು.”

“ಹುಷಾರಿರಲಿಲ್ಲ ಅನ್ನಿ.”

“ಏನಾಗಿತ್ತು?”

“ಏನಾದ್ರೂ ಅನ್ನಿ. ಎದೆನೋವು.”

“ನಂಗೆ ಎದೆನೋವು ಬಂದಿದ್ದೇ ಇಲ್ಲ” ಎಂದು ಅಮ್ಮ ಇಸ್ತ್ರಿಪೆಟ್ಟಿಗೆ ತಿರುಗಿಸಿಟ್ಟಳು. ಮರುದಿನ ನಾನು ಕೆಲಸಕ್ಕೆ ಹೊರಡುವಾಗ ಮೆಟ್ಟಿಲು ಉಜ್ಜುತ್ತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಜೂನು, ಬಿಸಿಲು, ಚಿಕ್ಕಮ್ಮ, ಎದೆನೋವು. ಅರವತ್ತಾರು ವರ್ಷದ ಹೆಂಗಸು ಪರೀಕ್ಷೆಗೆ ಓದುವ ಮಗುವಿನ ಹಾಗೆ ಸುಳ್ಳು ಬಾಯಿಪಾಠ ಮಾಡುತ್ತಿದ್ದಳು. ಅದನ್ನು ದಾಟಿಕೊಂಡು ನಾನು ಬಸ್ಸಿಗೆ ಹೋದೆ.

ಮೇ ಕೊನೆಯ ಗುರುವಾರ ವಕೀಲ ಪಿಲಿಂಗ್ ಬಂದ. ಅಪ್ಪನ ಕಾಲದಿಂದ ನಮ್ಮ ಮನೆಯ ಕಾಗದಪತ್ರ ನೋಡುತ್ತಿದ್ದ ಮುದುಕ, ಕಿವಿ ಸ್ವಲ್ಪ ಮಂದ. ಅಮ್ಮ ಮನೆಯೊಳಗೇ ಟೋಪಿ ಹಾಕಿಕೊಂಡು ಕೂತಿದ್ದಳು. ಕ್ಲಿಫ್ ಈಸ್ಟರ್ ನಂತರ ಅಂದೇ ಮೊದಲು ಬಂದದ್ದು, ತೆಳ್ಳಗಾಗಿದ್ದ. ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿದ್ದ. ನಾನು ಚಹಾ ಸುರಿಯುತ್ತಿದ್ದೆ.

ಅಮ್ಮ ಬೈಬಲ್ ಮೇಲೆ ಕೈಯಿಟ್ಟು ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಹೇಳಿದಳು. ಪಿಲಿಂಗ್ ಬರೆದುಕೊಂಡ. ಡಾಫ್ನಿಯ ತುಟಿಯೂ ಅವಳ ಜೊತೆಗೇ ಆಡುತ್ತಿತ್ತು. ಎಲ್ಲ ಮುಗಿಯಿತು ಎಂದಾಗ ಪಿಲಿಂಗ್ ತಾನು ತರಿಸಿದ್ದ ಲಿವರ್‌ಪೂಲಿನ ಮದುವೆಯ ಪತ್ರವನ್ನು ಮೇಜಿನ ಮೇಲೆ ಬಿಡಿಸಿ ಕನ್ನಡಕ ಸರಿಮಾಡಿಕೊಂಡ.

“ಒಂದೇ ಒಂದು ಪ್ರಶ್ನೆ, ಲೇಡಿ ಮಿಲ್‌ಬೆಕ್. ಲಂಡನ್ನಿನವರು ಕೇಳೇ ಕೇಳ್ತಾರೆ. ಗ್ರೆಟ್ನಾದಲ್ಲಿ ಆಗಲೇ ಮದುವೆ ಆಗಿದ್ರೆ, ಇಲ್ಲಿ ನಿಮ್ಮ ಹೆಸರಿನ ಮುಂದೆ ‘ಅವಿವಾಹಿತೆ’ ಅಂತ ಯಾಕಿದೆ? ಕೆಳಗೆ ನಿಮ್ಮದೇ ಸಹಿ.”

ಇದು ಪಾಠದಲ್ಲಿರಲಿಲ್ಲ. ಅಮ್ಮ ಡಾಫ್ನಿಯನ್ನು ನೋಡಿದಳು. ಡಾಫ್ನಿ ಕಾರ್ಪೆಟ್ ನೋಡಿದಳು.

“ಅದು ಸುಳ್ಳು” ಎಂದಳು ಅಮ್ಮ.

“ಏನಂದ್ರಿ?”

ಅಮ್ಮ ಧ್ವನಿ ಎತ್ತರಿಸಿದಳು. “ಆ ಲಿವರ್‌ಪೂಲಿಂದು ಸುಳ್ಳು ಅಂತ ಬರ್ಕೊಳ್ಳಿ ಸ್ವಾಮಿ. ಅದು ಮದುವೆನೇ ಅಲ್ಲ. ಸುಮ್ನೆ ಸಹಿ ಮಾಡಿದ್ದು. ನಂದೇ ತಪ್ಪು ಅಂತ ಬರ್ಕೊಳ್ಳಿ. ಬೇಕಾದ್ರೆ ನನ್ನ ಜೈಲಿಗೆ ಹಾಕ್ಲಿ.”

ಅಪ್ಪನ ಜೊತೆಯ ನಲವತ್ತೈದು ವರ್ಷಕ್ಕೆ ಅವಳಿಗಿದ್ದ ಏಕೈಕ ಗುರುತು ಆ ಕಾಗದ. ಅದನ್ನು ಅವಳು ಮೇಜಿನಾಚೆಗೆ ತಳ್ಳಿದಳು.

ಕ್ಲಿಫ್ ಎದ್ದ. ಪಿಲಿಂಗನ ಮುಂದಿದ್ದ ಬರಹವನ್ನು ತೆಗೆದುಕೊಂಡು ಎರಡಾಗಿ ಮಡಚಿ ತನ್ನ ಜೇಬಿಗೆ ಹಾಕಿಕೊಂಡ.

“ಬೇಡ ಸಾರ್. ಇಷ್ಟೇ ಸಾಕು.”

“ಕ್ಲಿಫರ್ಡ್!” ಎಂದಳು ಡಾಫ್ನಿ.

“ಸಾಕು ಅಂದೆ. ಅದೊಂದೇ ಮದುವೆ ನಮ್ಮಮ್ಮಂದು. ಅದನ್ನೂ ನಾನು ಕಿತ್ಕೊಂಡು ಅದೆಂಥ ಕುರ್ಚಿ ಮೇಲೆ ಕೂತ್ಕೊಳ್ಲಿ?” ಅವನು ಅಮ್ಮನ ಮುಂದೆ ಮಂಡಿಯೂರಿ, ಗಲ್ಲದ ಕೆಳಗೆ ಕಟ್ಟಿದ್ದ ಪಟ್ಟಿ ಬಿಡಿಸಿ ಅವಳ ಟೋಪಿ ತೆಗೆದ.